ಬಿಸಿಲಿಗೆ ಬಳಲುವ ಪೈಪು, ತಿರುಗಿ ಕರಗುವ ಬುಷ್

ಶಿವಮೊಗ್ಗ ನಗರದಲ್ಲಿ ಹೊಸಮನೆ ಎಂಬ ಬಡಾವಣೆ ಇದೆ. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಎರಡರಲ್ಲಿ ಯಾವ ಹೊಸಮನೆಯ ತಾರಸಿ ಹತ್ತಿ ನೋಡಿದರೂ ಕಾಣುವ ನೋಟ ಒಂದೇ: ನೀರಿನ ಕಪ್ಪು ತೊಟ್ಟಿ, ಅದರಿಂದ ಇಳಿದು ಗೋಡೆಯಂಚಿಗೆ ಸಾಗುವ ಬೂದು ಬಣ್ಣದ ಪೈಪು, ಅಲ್ಲಲ್ಲಿ ಅದನ್ನು ಹಿಡಿದಿಟ್ಟ ಕ್ಲಾಂಪು. ಹಾಕಿ ನಾಲ್ಕಾರು ವರ್ಷವಾದ ಪೈಪಾದರೆ ಎರಡು ಕ್ಲಾಂಪುಗಳ ನಡುವೆ ಅದು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತುಬಿದ್ದಿರುತ್ತದೆ. ಅದರ ಮೇಲೆ ಯಾರೂ ಭಾರ ಹೇರಿಲ್ಲ. ಪೈಪಿನ ತೂಕ, ಒಳಗಿನ ನೀರಿನ ತೂಕ ಇವೆರಡೇ ಸಾಕಾಗಿವೆ. ಅದೇ ಜಾಗದಲ್ಲಿ ಕಬ್ಬಿಣದ ಪೈಪು ಇದ್ದಿದ್ದರೆ ತುಕ್ಕು ಹಿಡಿಯುತ್ತಿತ್ತೇ ಹೊರತು ಜೋಲುತ್ತಿರಲಿಲ್ಲ.

ಪ್ಲಾಸ್ಟಿಕ್ಕಿಗೂ ಲೋಹಕ್ಕೂ ಇರುವ ಒಂದು ಮೂಲಭೂತ ವ್ಯತ್ಯಾಸ ಇಲ್ಲಿದೆ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಚಳಿಗಾಲದ ಬೆಳಗ್ಗೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಬೇಸಿಗೆಯ ಮಧ್ಯಾಹ್ನ 37 ಡಿಗ್ರಿಯ ಆಸುಪಾಸು ಉಷ್ಣತೆ ಇರುತ್ತದೆ. ನೇರ ಬಿಸಿಲಿಗೆ ಬಿದ್ದ ಗಾಢ ಬಣ್ಣದ ಪೈಪಿನ ಮೈ 50 ದಾಟಿ 60 ಡಿಗ್ರಿ ಮುಟ್ಟುವುದೂ ಉಂಟು. ಉಕ್ಕಿನ ಪಾಲಿಗೆ 15 ಆದರೇನು, 60 ಆದರೇನು, ಎರಡೂ ತಣ್ಣಗೇ. ಪ್ಲಾಸ್ಟಿಕ್ಕಿನ ಪಾಲಿಗೆ ಅವು ಎರಡು ಬೇರೆ ಲೋಕಗಳು.

ಎಷ್ಟು ಬೇರೆ? ಒಂದು ಒರಟು ಲೆಕ್ಕ ಮಾಡೋಣ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ, ಎಂದರೆ ನಿರಪೇಕ್ಷ ಮಾನದಲ್ಲಿ ಸುಮಾರು 1,800 ಕೆಲ್ವಿನ್. ಗಟ್ಟಿ ಪಾಲಿಥೀನ್ ಕರಗುವುದು 130 ಡಿಗ್ರಿಯಲ್ಲಿ, ಎಂದರೆ ಸುಮಾರು 403 ಕೆಲ್ವಿನ್. ಬಿಸಿಲಿನಲ್ಲಿ 50 ಡಿಗ್ರಿಗೆ ಕಾದ ಪೈಪು 323 ಕೆಲ್ವಿನ್‌ನಲ್ಲಿದೆ. ಪಾಲಿಥೀನ್ ತನ್ನ ಕರಗುವ ಬಿಂದುವಿನ ನೂರಕ್ಕೆ 80 ಭಾಗ ದಾರಿಯನ್ನು ಆಗಲೇ ಕ್ರಮಿಸಿದೆ. ಉಕ್ಕು ಇದೇ ಪ್ರಮಾಣದ ದಾರಿ ಕ್ರಮಿಸಬೇಕಾದರೆ ಅದನ್ನು ಸುಮಾರು 1,170 ಡಿಗ್ರಿಗೆ ಕಾಯಿಸಬೇಕು. ಉಕ್ಕಿನ ಗಟ್ಟಿಗಳನ್ನು ಕೆಂಪಗೆ ಕಾಯಿಸಿ ರೋಲಿಂಗ್ ಮಿಲ್ಲಿನಲ್ಲಿ ಸರಳುಗಳಾಗಿ ಎಳೆಯುವುದು ಹೆಚ್ಚುಕಡಿಮೆ ಈ ಉಷ್ಣತೆಯಲ್ಲಿಯೇ. ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಭದ್ರಾವತಿಯ ಜನರಿಗೆ ಆ ಕೆಂಪು ಸರಳಿನ ಗುಣವನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ತಾರಸಿಯ ಪಾಲಿಥೀನ್ ಕೊಳವೆ ಏಪ್ರಿಲ್ ತಿಂಗಳ ಪ್ರತಿ ಮಧ್ಯಾಹ್ನ ಅಂಥದೇ ಅವಸ್ಥೆಗೆ ಹತ್ತಿರವಿರುತ್ತದೆ. ಹೋಲಿಕೆ ಒರಟಾದದ್ದು, ಅಕ್ಷರಶಃ ತೆಗೆದುಕೊಳ್ಳಬಾರದು. ಆದರೆ ದಿಕ್ಕು ಸರಿಯಾಗಿದೆ.

ಚಿಕ್ಕಿಯ ಪಾಠ

ಪ್ಲಾಸ್ಟಿಕ್ಕುಗಳೆಲ್ಲ ಪಾಲಿಮರ್‌ಗಳು, ಸಾವಿರಾರು ಪರಮಾಣುಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ನೀಳ ಅಣುಗಳು. ಇವು ನಿಜಕ್ಕೂ ಇಷ್ಟು ಉದ್ದದ ಅಣುಗಳೇ ಎಂದು 1920ರಲ್ಲಿ ವಾದಿಸಿದ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಅವರನ್ನು ಸಮಕಾಲೀನರಲ್ಲಿ ಹಲವರು ನಂಬಲಿಲ್ಲ. ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ. ಪ್ಲಾಸ್ಟಿಕ್ಕಿನ ಒಳಗನ್ನು ಒತ್ತು ಶಾವಿಗೆಯ ಉಂಡೆಯಂತೆ ಊಹಿಸಿಕೊಳ್ಳಬಹುದು. ಎಳೆಗಳ ಉದ್ದಕ್ಕೂ ಇರುವ ಬಂಧ ಬಲು ಗಟ್ಟಿ. ಎಳೆ ಎಳೆಗಳ ನಡುವಿನ ಆಕರ್ಷಣೆ ಮಾತ್ರ ದುರ್ಬಲ. ಉಷ್ಣತೆ ಏರಿದಾಗ ಸಡಿಲವಾಗುವುದು ಈ ಎರಡನೆಯದು.

ಸಡಿಲವಾಗುವ ಈ ಕ್ರಿಯೆ ಕರಗುವ ಬಿಂದುವಿನವರೆಗೆ ಕಾಯುವುದಿಲ್ಲ. ಅದಕ್ಕೂ ಎಷ್ಟೋ ಮೊದಲೇ, ಒಂದು ನಿರ್ದಿಷ್ಟ ವಲಯದಲ್ಲಿ, ಎಳೆಗಳ ತುಂಡು ತುಂಡುಗಳು ಅಲುಗಾಡಲು ಶುರುಮಾಡುತ್ತವೆ. ಇದಕ್ಕೆ ಗಾಜು ಸಂಕ್ರಮಣ ಉಷ್ಣತೆ ಎಂದು ಹೆಸರು. ಅದಕ್ಕಿಂತ ಕೆಳಗೆ ವಸ್ತು ಗಾಜಿನಂತೆ ಗಡುಸು. ಮೇಲೆ ತೊಗಲಿನಂತೆ, ಕೊನೆಗೆ ರಬ್ಬರಿನಂತೆ. ಇದು ಅಡುಗೆಮನೆಗೆ ಹೊಸದೇನಲ್ಲ. ಬೆಲ್ಲದ ಪಾಕ ಬಿಸಿಯಾಗಿದ್ದಾಗ ನೂಲು ನೂಲಾಗಿ ಎಳೆಯುತ್ತದೆ. ತಣಿದು ಕಡಲೆಬೀಜದ ಚಿಕ್ಕಿಯಾದ ಮೇಲೆ ಟಕ್ಕನೆ ಮುರಿಯುತ್ತದೆ. ಅದೇ ವಸ್ತು, ಅದೇ ಅಣುಗಳು. ನಡುವೆ ದಾಟಿದ್ದು ಗಾಜು ಸಂಕ್ರಮಣದ ಹೊಸ್ತಿಲನ್ನು. ಆಷಾಢದ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅದೇ ಚಿಕ್ಕಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಗಾಳಿಯ ತೇವ ಒಳಹೊಕ್ಕು ಆ ಹೊಸ್ತಿಲನ್ನೇ ಕೆಳಕ್ಕೆ ಇಳಿಸಿರುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ನೈಲಾನಿನ ವಿಷಯ ಬಂದಾಗ ಬೇಕಾಗುತ್ತದೆ.

ಈ ಹೊಸ್ತಿಲು ಒಂದೊಂದು ಪ್ಲಾಸ್ಟಿಕ್ಕಿಗೆ ಒಂದೊಂದು ಎತ್ತರದಲ್ಲಿದೆ. ಗಡುಸು ಪಿವಿಸಿಗೆ ಸುಮಾರು 80 ಡಿಗ್ರಿ, ನೀರಿನ ಬಾಟಲಿಯ ಪೆಟ್‌ಗೆ 70ರ ಮೇಲೆ, ಪಾಲಿಸ್ಟೈರೀನ್‌ಗೆ 100, ಪಾಲಿಕಾರ್ಬನೇಟ್‌ಗೆ 147ರ ಹತ್ತಿರ. ಕುರ್ಚಿ, ಬಕೆಟ್ಟುಗಳ ಪಾಲಿಪ್ರೊಪಿಲೀನ್‌ಗೆ ಸೊನ್ನೆಯ ಆಸುಪಾಸು. ಪಾಲಿಥೀನ್‌ಗೆ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಕೊನೆಯ ಎರಡು ನಮ್ಮ ಹವೆಯಲ್ಲಿ ಸದಾ ಹೊಸ್ತಿಲಿನ ಮೇಲೆಯೇ ಇದ್ದರೂ ನೀರಾಗಿ ಹರಿಯದಿರುವುದಕ್ಕೆ ಕಾರಣ, ಅವುಗಳ ಎಳೆಗಳಲ್ಲಿ ಒಂದಷ್ಟು ಭಾಗ ಒಪ್ಪವಾಗಿ ಮಡಿಸಿಕೊಂಡು ಸ್ಫಟಿಕಗಳಾಗಿರುತ್ತದೆ. ಆ ಸ್ಫಟಿಕಗಳೇ ಉಳಿದ ಭಾಗವನ್ನು ಗೂಟದಂತೆ ಹಿಡಿದಿರುತ್ತವೆ.

ಮನೆಯಲ್ಲೇ ಪರೀಕ್ಷಿಸಬಹುದು. ಖಾಲಿ ಪೆಟ್ ಬಾಟಲಿಗೆ ಕುದಿಯುವ ನೀರನ್ನು ಹುಷಾರಾಗಿ ಸುರಿಯಿರಿ. ಬಾಟಲಿ ನೋಡನೋಡುತ್ತಲೇ ಮುದುರಿ ಕುಳ್ಳಗಾಗುತ್ತದೆ. ತಯಾರಿಕೆಯಲ್ಲಿ ಊದಿ ಎಳೆದು ಹಿಗ್ಗಿಸಿದ ಎಳೆಗಳು ಅವಕಾಶ ಸಿಕ್ಕೊಡನೆ ತಮ್ಮ ಹಳೆಯ ಸುರುಳಿ ರೂಪಕ್ಕೆ ಮರಳುತ್ತವೆ. ಹಾಗೆಯೇ ಫ್ರಿಜ್ಜಿನ ಫ್ರೀಜರ್‌ನಲ್ಲಿ ಪಾಲಿಪ್ರೊಪಿಲೀನ್ ಡಬ್ಬಿಯ ಮುಚ್ಚಳ ಮತ್ತು ಪಾಲಿಥೀನ್ ಹಾಲಿನ ಚೀಲ ಎರಡನ್ನೂ ಒಂದು ರಾತ್ರಿ ಇಟ್ಟು ತೆಗೆದು ಮಡಿಸಿ ನೋಡಿ. ಮುಚ್ಚಳ ಬಿರಿಯುವ ಸಂಭವ ಹೆಚ್ಚು. ಚೀಲಕ್ಕೆ ಏನೂ ಆಗದು.

ಆರು ಕೆ.ಜಿ. ಪೈಪು ಎಂದರೆ ಎಷ್ಟು?

ಈಗ ಜೇಬಿಗೆ ಸಂಬಂಧಿಸಿದ ವಿಷಯಕ್ಕೆ ಬರೋಣ. ತೋಟಕ್ಕೆ ನೀರು ಹಾಯಿಸಲು ಪಿವಿಸಿ ಪೈಪು ಕೊಳ್ಳಹೋದರೆ ಅಂಗಡಿಯಾತ ‘ನಾಲ್ಕು ಕೆ.ಜಿ.ದೋ, ಆರು ಕೆ.ಜಿ.ದೋ?’ ಎಂದು ಕೇಳುತ್ತಾನೆ. ಇದು ಪೈಪಿನ ತೂಕವಲ್ಲ, ಪ್ರತಿ ಚದರ ಸೆಂಟಿಮೀಟರಿಗೆ ಅದು ತಾಳಿಕೊಳ್ಳಬಲ್ಲ ಒತ್ತಡ. ನೀರನ್ನು 10 ಮೀಟರ್ ಮೇಲೆತ್ತಲು ಸುಮಾರು ಒಂದು ಕೆ.ಜಿ. ಒತ್ತಡ ಬೇಕು ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ಆದರೆ ಯಾವ ಉಷ್ಣತೆಯಲ್ಲಿ ಆರು ಕೆ.ಜಿ.? ಕೊಳ್ಳುವವರು ಇದನ್ನು ಕೇಳುವುದು ಅಪರೂಪ. ಭಾರತೀಯ ಮಾನಕ ಐಎಸ್ 4985 ಈ ದರ್ಜೆಗಳನ್ನು ನಿಗದಿ ಮಾಡಿರುವುದು 27 ಡಿಗ್ರಿಗೆ.

27 ಡಿಗ್ರಿ ದಾಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಅಮೆರಿಕದ ಕೋಷ್ಟಕವೊಂದಿದೆ. 23 ಡಿಗ್ರಿಯಲ್ಲಿ ಪಿವಿಸಿ ಪೈಪಿನ ದೀರ್ಘಕಾಲದ ತಾಳಿಕೆ 100 ಎಂದಿಟ್ಟುಕೊಂಡರೆ 27ರಲ್ಲಿ ಅದು ಸುಮಾರು 88, 38 ಡಿಗ್ರಿಯಲ್ಲಿ 62, 49ರಲ್ಲಿ 40, 60ರಲ್ಲಿ ಕೇವಲ 22. ಅಂದರೆ 27 ಡಿಗ್ರಿಗೆ ಆರು ಕೆ.ಜಿ. ಎಂದು ಮುದ್ರೆ ಹೊತ್ತ ಪೈಪು 49 ಡಿಗ್ರಿಗೆ ಕಾದಾಗ ಮೂರು ಕೆ.ಜಿ. ಪೈಪು ಕೂಡ ಅಲ್ಲ. 60 ಡಿಗ್ರಿಯಲ್ಲಿ ಒಂದೂವರೆ ಕೆ.ಜಿ.

ತಾರಸಿಯ ತೊಟ್ಟಿಯಿಂದ ಸ್ನಾನದ ಮನೆಗೆ ಇಳಿಯುವ ಪೈಪಿನಲ್ಲಿ ಒತ್ತಡವೇ ಅರ್ಧ ಕೆ.ಜಿ. ದಾಟದು. ಹಾಗಾಗಿ ಅದು ಜೋಲುತ್ತದೆಯೇ ಹೊರತು ಒಡೆಯುವುದಿಲ್ಲ. ತೊಂದರೆ ಇರುವುದು ಅಡಿಕೆ ತೋಟದ ಅಂಚಿನಲ್ಲಿ, ಬಯಲಿನಲ್ಲಿ ನೆಲದ ಮೇಲೆ ಹಾಗೆಯೇ ಹಾಯಿಸಿದ ಪಂಪಿನ ಪೈಪಿಗೆ. ಪಂಪು ಓಡುತ್ತಿರುವಾಗ ಭಯವಿಲ್ಲ, ಒಳಗಿನ ನೀರೇ ಪೈಪನ್ನು ತಂಪಾಗಿಡುತ್ತದೆ. ವಿದ್ಯುತ್ತು ಹೋಗಿ ಪಂಪು ನಿಂತು, ಪೈಪು ಎರಡು ಮೂರು ತಾಸು ಬಿಸಿಲಿಗೆ ಕಾದಿರುತ್ತದೆ. ಮಧ್ಯಾಹ್ನ ಮೂರು ಫೇಸ್ ವಿದ್ಯುತ್ತು ಬಂದೊಡನೆ ಪಂಪು ತಾನಾಗಿ ಶುರುವಾಗುತ್ತದೆ. ಪೈಪು ಅತ್ಯಂತ ದುರ್ಬಲವಾಗಿರುವ ಗಳಿಗೆಯಲ್ಲೇ ಅದಕ್ಕೆ ಅತಿ ಹೆಚ್ಚಿನ ಹೊಡೆತ ಬೀಳುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗುವ ನೀರು ಕವಾಟಕ್ಕೋ ತಿರುವಿಗೋ ಬಡಿದು ತಟಕ್ಕನೆ ನಿಂತರೆ ಪಿವಿಸಿ ಪೈಪಿನಲ್ಲಿ ಮೂರರಿಂದ ನಾಲ್ಕು ಕೆ.ಜಿ.ಯಷ್ಟು ಹೆಚ್ಚುವರಿ ಒತ್ತಡ ಕ್ಷಣಕಾಲ ಏಳಬಲ್ಲದು. ಇದಕ್ಕೆ ಜಲಾಘಾತ ಎನ್ನುತ್ತಾರೆ. ‘ನಿನ್ನೆಯವರೆಗೂ ಚೆನ್ನಾಗಿದ್ದ ಪೈಪು ಇವತ್ತು ಒಡೆಯಿತು, ಮಾಲು ಕಳಪೆ’ ಎಂಬ ದೂರು ಎಲ್ಲ ಸಲವೂ ಸರಿಯಲ್ಲ. ಕಳಪೆ ಮಾಲೂ ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಒಳ್ಳೆಯ ಪೈಪನ್ನೂ ಹೀಗೆ ಒಡೆಯಬಹುದು.

ಪರಿಹಾರ ದುಬಾರಿಯಲ್ಲ. ಪೈಪನ್ನು ಎರಡು ಅಡಿ ಮಣ್ಣಿನಡಿ ಹೂಳುವುದು ಎಲ್ಲಕ್ಕಿಂತ ಉತ್ತಮ. ಹೂಳಲಾಗದ ಕಡೆ ನೆರಳು ಮಾಡಬೇಕು, ಇಲ್ಲವೇ ನೀರಿನಲ್ಲಿ ಕಲಸುವ ಬಿಳಿ ಬಣ್ಣ ಬಳಿಯಬೇಕು. ಬಯಲಲ್ಲೇ ಇರಬೇಕಾದ ಪೈಪಿಗೆ ಒಂದು ದರ್ಜೆ ಮೇಲಿನದನ್ನು ಕೊಳ್ಳಬೇಕು. ಹಿಗ್ಗುವಿಕೆಗೂ ಜಾಗ ಬಿಡಬೇಕು: ಆರು ಮೀಟರ್ ಉದ್ದದ ಪಿವಿಸಿ ಪೈಪು 30 ಡಿಗ್ರಿ ಏರಿಕೆಗೆ ಸುಮಾರು 12 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕಿನ ಪೈಪು 2 ಮಿಲಿಮೀಟರ್. ಎರಡು ತುದಿಯನ್ನೂ ಸಿಮೆಂಟಿನಲ್ಲಿ ಬಿಗಿದರೆ ನಡುವೆ ಹಾವಿನಂತೆ ಸೊಟ್ಟಗಾಗುವುದು ಈ ಕಾರಣಕ್ಕೆ.

ಸೌರ ನೀರು ಕಾಯಕಕ್ಕೆ ಸಾಮಾನ್ಯ ಪಿವಿಸಿ ಪೈಪು ಜೋಡಿಸುವುದು ಮಾತ್ರ ಖಂಡಿತ ತಪ್ಪು. ಅಲ್ಲಿಂದ ಬರುವ ನೀರೇ 60 ಡಿಗ್ರಿ ಇರುತ್ತದೆ. ಅಲ್ಲಿಗೆ ಹೆಚ್ಚು ಕ್ಲೋರಿನ್ ಸೇರಿಸಿದ ಸಿಪಿವಿಸಿ ಬೇಕು. ಅದರ ಹೊಸ್ತಿಲು 100 ಡಿಗ್ರಿಗೂ ಮೇಲಿದೆ, 82 ಡಿಗ್ರಿಯವರೆಗೆ ಅದನ್ನು ಬಳಸಬಹುದು. ಮನೆಯವರು ಊರಿಗೆ ಹೋಗಿ ನಾಲ್ಕು ದಿನ ನೀರು ಬಳಸದೆ ಬಿಟ್ಟರೆ ಕಾಯಕದ ನೀರು ಈ ಮಿತಿಯನ್ನೂ ಮೀರಬಹುದಾದ್ದರಿಂದ ತೊಟ್ಟಿಯ ಬಾಯಿಯ ಹತ್ತಿರದ ಒಂದೆರಡು ಮೀಟರಿಗೆ ಲೋಹದ ಪೈಪೇ ಲೇಸು.

ಇನ್ನೊಂದು ಅಂಶವನ್ನು ಬಿಡುವಂತಿಲ್ಲ, ಅದು ಕಾಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಗಂಟೆ ಕೂತು ಎದ್ದರೆ ಕಾಲುಗಳು ಸ್ವಸ್ಥಾನಕ್ಕೆ ಮರಳುತ್ತವೆ. ಅದೇ ಕುರ್ಚಿಯ ಮೇಲೆ ಅಕ್ಕಿ ಮೂಟೆ ಇಟ್ಟು ಮೂರು ತಿಂಗಳು ಬಿಟ್ಟರೆ ಕಾಲುಗಳು ಅಗಲಿ ಹಾಗೆಯೇ ನಿಲ್ಲುತ್ತವೆ. ಸ್ಥಿರವಾದ ಭಾರದಡಿ ವಸ್ತು ಮೆಲ್ಲಗೆ ಹರಿಯುವ ಈ ಗುಣಕ್ಕೆ ಕ್ರೀಪ್ ಎಂದು ಹೆಸರು. ಬಿಸಿ ಮಾಡುವುದೆಂದರೆ ಕಾಲವನ್ನು ಬೇಗ ಓಡಿಸಿದಂತೆ. ತಂಪಿನಲ್ಲಿ ವರ್ಷಗಟ್ಟಲೆ ಹಿಡಿಯುವ ಹರಿವು ಬಿಸಿಯಲ್ಲಿ ಕೆಲವು ದಿನಗಳಲ್ಲೇ ಮುಗಿಯುತ್ತದೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರ್ರಿ ಎಂಬ ಮೂವರು ಈ ವಿನಿಮಯಕ್ಕೆ ಸಮೀಕರಣ ಕೊಟ್ಟರು. ಪ್ರಯೋಗಾಲಯದಲ್ಲಿ ಪೈಪನ್ನು ಬಿಸಿ ನೀರಿನಲ್ಲಿ ಕೆಲವು ಸಾವಿರ ತಾಸು ಪರೀಕ್ಷಿಸಿ ಐವತ್ತು ವರ್ಷದ ತಾಳಿಕೆಯನ್ನು ಅಂದಾಜು ಮಾಡುವ ಧೈರ್ಯ ಬಂದಿರುವುದು ಇಂಥ ತಿಳಿವಳಿಕೆಯಿಂದ.

ಘರ್ಷಣೆಯ ಕತೆ ಬೇರೆ

ಬಲದ ವಿಷಯದಲ್ಲಿ ನಿಯಮ ಸರಳ: ಬಿಸಿ ಏರಿದರೆ ಬಲ ಇಳಿಯುತ್ತದೆ. ಘರ್ಷಣೆಯದು ಅಷ್ಟು ನೇರವಲ್ಲ. ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆ, ವೇಗವನ್ನು ಅವಲಂಬಿಸುವುದಿಲ್ಲ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಭಾರದ ನಿಯಮ ಅಮಾಂಟನ್ಸ್ 1699ರಲ್ಲಿ ಹೇಳಿದ್ದು. ಮರ, ಲೋಹಗಳ ಮಟ್ಟಿಗೆ ಇವು ಸಾಕಷ್ಟು ಸರಿ. ಪ್ಲಾಸ್ಟಿಕ್ಕು ಎರಡನ್ನೂ ಮುರಿಯುತ್ತದೆ.

ಎಷ್ಟೇ ನುಣುಪಾದ ಮೈಯೂ ಸೂಕ್ಷ್ಮದಲ್ಲಿ ಗುಡ್ಡ ಕಣಿವೆಗಳ ಮಲೆನಾಡೇ. ಎರಡು ಮೈಗಳನ್ನು ಒಂದರ ಮೇಲೊಂದು ಇಟ್ಟಾಗ ನಿಜವಾಗಿ ತಾಗುವುದು ಗುಡ್ಡದ ತುದಿಗಳು ಮಾತ್ರ. ಆ ತುದಿಗಳು ಅಂಟಿಕೊಂಡು, ಜಾರುವಾಗ ಕತ್ತರಿಸಿಕೊಳ್ಳುತ್ತವೆ. ಘರ್ಷಣೆಯ ಬಹುಪಾಲು ಇದೇ ಎಂದು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ತೋರಿಸಿದರು. ಹಾಗಾದರೆ ಘರ್ಷಣೆ ಎಂದರೆ ನಿಜವಾಗಿ ತಾಗಿದ ಕ್ಷೇತ್ರವನ್ನು ಅಲ್ಲಿನ ಕತ್ತರಿಕೆ ಬಲದಿಂದ ಗುಣಿಸಿದಷ್ಟು. ಪ್ಲಾಸ್ಟಿಕ್ಕು ಬಿಸಿಯಾದಾಗ ಮೆತ್ತಗಾಗಿ ತಾಗುವ ಕ್ಷೇತ್ರ ಹೆಚ್ಚುತ್ತದೆ. ಅದೇ ಬಿಸಿಗೆ ಕತ್ತರಿಕೆ ಬಲ ಕುಗ್ಗುತ್ತದೆ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಗುಣಲಬ್ಧ ಯಾವ ಕಡೆ ವಾಲುವುದೋ ಅದು ಪ್ಲಾಸ್ಟಿಕ್ಕಿನ ಜಾತಿ, ವೇಗ, ಭಾರ ಇವೆಲ್ಲವನ್ನೂ ಅವಲಂಬಿಸಿದೆ. ಮೆದುವಾಗುವ ವಲಯ ಸಮೀಪಿಸಿದಾಗ ಹಲವು ಪ್ಲಾಸ್ಟಿಕ್ಕುಗಳ ಘರ್ಷಣೆ ಏರಿ ಒಂದು ಶಿಖರ ಮುಟ್ಟುತ್ತದೆ. ಮೈ ಕರಗಿ ತೆಳು ಪದರವಾದರೆ ಘರ್ಷಣೆ ತಟ್ಟನೆ ಕುಸಿಯುವುದೂ ಉಂಟು. ಆದರೆ ಆ ಹೊತ್ತಿಗೆ ಬುಷ್ ಹಾಳಾಗಿರುತ್ತದೆ.

ಘರ್ಷಣೆಗೂ ಉಷ್ಣತೆಗೂ ಇನ್ನೊಂದು ನಂಟಿದೆ. ಘರ್ಷಣೆಯೇ ಶಾಖವನ್ನು ಹುಟ್ಟಿಸುತ್ತದೆ. ಪ್ಲಾಸ್ಟಿಕ್ಕಿನ ಶಾಖವಾಹಕತೆ ಉಕ್ಕಿನದಕ್ಕಿಂತ ಸುಮಾರು ಇನ್ನೂರು ಪಟ್ಟು ಕಡಿಮೆ. ಹುಟ್ಟಿದ ಶಾಖ ಹುಟ್ಟಿದಲ್ಲೇ ಉಳಿಯುತ್ತದೆ.

ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವೇ ಇರಲಿ, ಊರೊಳಗಿನ ಸಣ್ಣ ಲೇತ್ ಅಂಗಡಿಯೇ ಇರಲಿ, ‘ಹಿತ್ತಾಳೆ ಬುಷ್ ದುಬಾರಿ, ನೈಲಾನ್ ಹಾಕಿಬಿಡೋಣ’ ಎಂಬ ಮಾತು ಎಲ್ಲೆಡೆ ಕೇಳುವಂಥದು. ಹಾಕಬಹುದೇ? ಲೆಕ್ಕ ಹಾಕಿ ನೋಡೋಣ. ದಂಡದ ವ್ಯಾಸ 20 ಮಿಲಿಮೀಟರ್, ಬುಷ್‌ನ ಉದ್ದ 20 ಮಿಲಿಮೀಟರ್, ಅದರ ಮೇಲಿನ ಭಾರ 20 ಕೆ.ಜಿ., ಎಂದರೆ ಸುಮಾರು 200 ನ್ಯೂಟನ್. ಒತ್ತಡ ಅರ್ಧ ಮೆಗಾಪಾಸ್ಕಲ್; ನೈಲಾನಿನ ಬಲಕ್ಕೆ ಅದು ಏನೇನೂ ಅಲ್ಲ. ದಂಡವನ್ನು ನಿಮಿಷಕ್ಕೆ 60 ಸುತ್ತಿನಂತೆ ಕೈಯಿಂದ ತಿರುಗಿಸಿದರೆ ಮೈಯ ವೇಗ ಸೆಕೆಂಡಿಗೆ 6 ಸೆಂಟಿಮೀಟರ್. ಎಣ್ಣೆಯಿಲ್ಲದ ನೈಲಾನಿನ ಘರ್ಷಣಾಂಕ 0.25 ಎಂದಿಟ್ಟುಕೊಂಡರೆ ಹುಟ್ಟುವ ಶಾಖ ಮೂರು ವ್ಯಾಟ್. ಬುಷ್ ವರ್ಷಗಟ್ಟಲೆ ಬಾಳುತ್ತದೆ. ಈಗ ಅದೇ ದಂಡಕ್ಕೆ 1,440 ಸುತ್ತಿನ ಮೋಟಾರನ್ನು ನೇರವಾಗಿ ಜೋಡಿಸಿ. ವೇಗ ಸೆಕೆಂಡಿಗೆ ಒಂದೂವರೆ ಮೀಟರ್, ಶಾಖ 75 ವ್ಯಾಟ್. ರೇಡಿಯೊ ರಿಪೇರಿಯವರು ಬಳಸುವ 25 ವ್ಯಾಟಿನ ಬೆಸುಗೆ ಕಡ್ಡಿಗಳನ್ನು ಮೂರು ಸೇರಿಸಿ ಆ ಪುಟ್ಟ ಬುಷ್‌ನೊಳಗೆ ತುರುಕಿದಂತೆ! ಭಾರ ಬದಲಾಗಿಲ್ಲ, ಬುಷ್ ಬದಲಾಗಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಅದು ಮೆತ್ತಗಾಗಿ ದಂಡಕ್ಕೆ ಅಂಟಿಕೊಳ್ಳುತ್ತದೆ.

ಆದ್ದರಿಂದಲೇ ಪ್ಲಾಸ್ಟಿಕ್ ಬೇರಿಂಗುಗಳಿಗೆ ಒತ್ತಡವನ್ನು ವೇಗದಿಂದ ಗುಣಿಸಿದ ಮಿತಿಯನ್ನು ಕೊಟ್ಟಿರುತ್ತಾರೆ. ಒಣ ನೈಲಾನಿಗೆ ಈ ಗುಣಲಬ್ಧ ಸುಮಾರು 0.1 (ಮೆಗಾಪಾಸ್ಕಲ್ ಗುಣಿಸು ಮೀಟರ್ ಪ್ರತಿ ಸೆಕೆಂಡ್). ಕೈಯಿಂದ ತಿರುಗಿಸಿದಾಗ ನಮ್ಮ ಉದಾಹರಣೆಯಲ್ಲಿ ಅದು 0.03, ಮೋಟಾರಿನಲ್ಲಿ 0.75. ಬುಷ್ ಹಾಕುವ ಮುನ್ನ ಈ ಒಂದು ಗುಣಾಕಾರ ಮಾಡಿದರೆ ಎಷ್ಟೋ ನಷ್ಟ ತಪ್ಪುತ್ತದೆ. ಈ ಮಿತಿ ಕೂಡ ಸುತ್ತಲಿನ ಗಾಳಿ ತಂಪಾಗಿದ್ದಾಗಿನದು. ಕುಲುಮೆಯ ಪಕ್ಕದಲ್ಲಿ ಅದನ್ನು ಇನ್ನೂ ಇಳಿಸಬೇಕು.

ಶಾಖವನ್ನು ಹೊತ್ತೊಯ್ಯುವ ಏರ್ಪಾಡಿದ್ದರೆ ಚಿತ್ರವೇ ಬದಲಾಗುತ್ತದೆ. ಉಕ್ಕಿನ ರೋಲಿಂಗ್ ಮಿಲ್ಲುಗಳಲ್ಲಿ ಸಾವಿರ ಡಿಗ್ರಿ ಮೀರಿದ ಕೆಂಪು ಉಕ್ಕನ್ನು ಹಿಸುಕುವ ರೋಲುಗಳ ಕತ್ತನ್ನು ಹೊತ್ತಿರುವುದು ಹಲವೆಡೆ ಪ್ಲಾಸ್ಟಿಕ್ ಬೇರಿಂಗುಗಳೇ ಎಂದರೆ ನಂಬುವುದು ಕಷ್ಟ. ಹತ್ತಿ ಬಟ್ಟೆಯ ಪದರಗಳನ್ನು ಫೀನಾಲಿಕ್ ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಬೇರಿಂಗುಗಳವು. ಅವಕ್ಕೆ ಎಣ್ಣೆಯ ಬದಲು ಧಾರಾಳವಾಗಿ ನೀರು ಬಿಡುತ್ತಾರೆ. ನೀರೇ ಕೀಲೆಣ್ಣೆ, ನೀರೇ ತಂಪು. ಇನ್ನೊಂದು ಅನುಕೂಲ: 1907ರಲ್ಲಿ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟಿನ ವಂಶದ ಈ ರಾಳದಲ್ಲಿ ಎಳೆ ಎಳೆಗಳ ನಡುವೆಯೂ ಗಟ್ಟಿ ಕೊಂಡಿಗಳಿವೆ. ಅದು ಮೆದುವಾಗಿ ಹರಿಯದು, ಅತಿ ಬಿಸಿಗೆ ಕರಕಲಾದೀತು ಅಷ್ಟೆ. ಈ ರಾಳಕ್ಕೆ ಬೇಕಾದ ಫಾರ್ಮಾಲ್ಡಿಹೈಡನ್ನು ತಯಾರಿಸುವುದು ಮೆಥನಾಲಿನಿಂದ. 1923ರಲ್ಲಿ ಇದ್ದಿಲಿನ ಕುಲುಮೆಯೊಂದಿಗೆ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆ ಮರವನ್ನು ಬಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಪಡೆಯುತ್ತಿದ್ದ ಉಪ ಉತ್ಪನ್ನಗಳಲ್ಲಿ ಆ ಮೆಥನಾಲೂ ಒಂದು ಎಂಬುದು ಪ್ರಾಸಂಗಿಕವಾಗಿ ಹೇಳಬಹುದಾದ ಮಾತು.

ಕಾಗದದ ಯಂತ್ರಗಳಲ್ಲೂ ಇಂಥದೇ ಜಾಣತನವಿದೆ. ಒದ್ದೆ ತಿರುಳನ್ನು ಹೊತ್ತು ಓಡುವ ಜಾಲರಿ, ನೀರು ಹೀರುವ ಪೆಟ್ಟಿಗೆಗಳ ಮೇಲೆ ಬಿಡುವಿಲ್ಲದೆ ಜಾರಬೇಕು. ಆ ಪೆಟ್ಟಿಗೆಗಳ ಮೇಲ್ಮೈಗೆ ಅತಿ ನೀಳ ಅಣುಗಳ ಪಾಲಿಥೀನನ್ನು ಬಹಳ ಕಾಲ ಬಳಸಿದ್ದಾರೆ. ಸವೆತ ತಾಳುವುದರಲ್ಲಿ ಅದನ್ನು ಮೀರಿಸಿದ ಪ್ಲಾಸ್ಟಿಕ್ಕು ಕಡಿಮೆ. ತಿರುಳಿನ ನೀರು ಸದಾ ತೋಯಿಸುತ್ತಿರುವುದರಿಂದ ಅದು ಬಿಸಿಯಾಗದು. ವೇಗ ತೀರ ಹೆಚ್ಚಿದ ಯಂತ್ರಗಳಲ್ಲಿ ಮಾತ್ರ ಪಿಂಗಾಣಿಯಂಥ ವಸ್ತುಗಳಿಗೆ ಮೊರೆಹೋಗಬೇಕಾಯಿತು.

ಮಳೆಗಾಲದ ನೈಲಾನು, ಚಳಿಗಾಲದ ಟೆಫ್ಲಾನು

ಚಿಕ್ಕಿಯ ವಿಷಯಕ್ಕೆ ಮರಳೋಣ. ನೈಲಾನು ಕೂಡ ತೇವ ಹೀರುತ್ತದೆ. ಒಣಗಿದ ನೈಲಾನಿನ ಹೊಸ್ತಿಲು 50 ಡಿಗ್ರಿಯ ಸುಮಾರಿನಲ್ಲಿದ್ದರೆ ನೀರು ಕುಡಿದಾಗ ಅದು ಕೋಣೆಯ ಉಷ್ಣತೆಗಿಂತ ಕೆಳಕ್ಕೆ ಇಳಿಯುತ್ತದೆ. ಆರನೆಯ ಬಗೆಯ ನೈಲಾನು ನೀರಿನಲ್ಲೇ ಮುಳುಗಿದ್ದರೆ ತನ್ನ ತೂಕದ ನೂರಕ್ಕೆ 9ರಷ್ಟು ನೀರು ಹೀರಬಲ್ಲದು. ಅಳತೆಯಲ್ಲಿ ನೂರಕ್ಕೆ 2ರಷ್ಟು ಊದಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಬುಷ್ ಜುಲೈನಲ್ಲಿ ದಂಡವನ್ನು ಕಚ್ಚಿಕೊಂಡರೆ ಆಶ್ಚರ್ಯವಿಲ್ಲ. ಕಚ್ಚಿದ ಮೇಲೆ ಘರ್ಷಣೆ ಹೆಚ್ಚಿ, ಶಾಖ ಹೆಚ್ಚಿ, ಶಾಖಕ್ಕೆ ಇನ್ನಷ್ಟು ಹಿಗ್ಗಿ, ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ಲೋಹದ ಬುಷ್‌ಗೆ ಬಿಡುವ ಸಂದಿಗಿಂತ ನೈಲಾನಿಗೆ ಹೆಚ್ಚು ಸಂದಿ ಬಿಡಬೇಕು. ಅಷ್ಟು ಸಂದಿ ಸಲ್ಲದ ಕಡೆ ನೀರು ಹೀರದ ಅಸೆಟಾಲ್‌ನಂಥ ಪ್ಲಾಸ್ಟಿಕ್ಕನ್ನು ಆರಿಸಬೇಕು. ಹಾಗೆಂದು ತೇವ ಕೇವಲ ಶತ್ರುವಲ್ಲ. ತೀರ ಒಣಗಿದ ನೈಲಾನು ಪೆಟ್ಟಿಗೆ ಬೇಗ ಬಿರಿಯುತ್ತದೆ, ಒಂದಿಷ್ಟು ತೇವವಿದ್ದರೆ ಪೆಟ್ಟನ್ನು ನುಂಗಿಕೊಳ್ಳುತ್ತದೆ.

ಜಾರುಗುಣದಲ್ಲಿ ಎಲ್ಲರಿಗೂ ಹಿರಿಯದು ಟೆಫ್ಲಾನ್ ಎಂದು ಪ್ರಸಿದ್ಧವಾದ ಪಿಟಿಎಫ್ಇ. 1938ರ ಏಪ್ರಿಲ್ 6ರಂದು ಅಮೆರಿಕದ ರಾಯ್ ಪ್ಲಂಕೆಟ್ ಅನಿಲದ ಸಿಲಿಂಡರಿನೊಳಗೆ ಅಕಸ್ಮಾತ್ತಾಗಿ ಕಂಡ ಬಿಳಿ ಪುಡಿಯಿದು. 327 ಡಿಗ್ರಿಯವರೆಗೆ ಕರಗದು. ಘರ್ಷಣಾಂಕ 0.1ಕ್ಕೂ ಕಡಿಮೆ, ಒತ್ತಡ ಹೆಚ್ಚಿದಷ್ಟೂ ಇನ್ನೂ ಇಳಿಯುತ್ತದೆ. ಸೇತುವೆಯ ತೊಲೆಗಳು ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುವಾಗ ಕಂಬದ ಮೇಲೆ ಜಾರಲೆಂದು ಇಡುವ ಬೇರಿಂಗುಗಳಲ್ಲಿ ನುಣುಪಾದ ತುಕ್ಕುರಹಿತ ಉಕ್ಕಿನ ತಗಡಿನಡಿ ಇದರ ಹಾಳೆ ಇರುತ್ತದೆ. ಚಳಿ ಹೆಚ್ಚಿದಂತೆ ಇದರ ಘರ್ಷಣೆ ಏರುವುದರಿಂದ ಹಿಮ ಬೀಳುವ ದೇಶಗಳ ಎಂಜಿನಿಯರರು ಅದಕ್ಕೆ ಬೇರೆ ಲೆಕ್ಕ ಹಿಡಿಯಬೇಕು. ನಮ್ಮ ಕಡೆ ಆ ಚಿಂತೆ ಕಡಿಮೆ. ಅದರ ದೌರ್ಬಲ್ಯ ಬೇರೆ: ಮೆತ್ತಗಿನ ವಸ್ತು, ಭಾರಕ್ಕೆ ಹರಿದುಬಿಡುತ್ತದೆ. ಹಾಗಾಗಿ ಬೇರಿಂಗಿಗೆ ಬಳಸುವಾಗ ಗಾಜಿನ ನಾರು, ಇಂಗಾಲ ಅಥವಾ ಕಂಚಿನ ಪುಡಿ ಬೆರೆಸುತ್ತಾರೆ.

ಟೆಫ್ಲಾನಿಗೆ ನಮ್ಮ ಹವೆಯಲ್ಲೇ ಎದುರಾಗುವ ಒಂದು ವಿಚಿತ್ರವಿದೆ. 19 ಡಿಗ್ರಿಯಲ್ಲಿ ಅದರ ಸ್ಫಟಿಕಗಳ ಜೋಡಣೆ ಬದಲಾಗುತ್ತದೆ. ಆಗ ಗಾತ್ರ ನೂರಕ್ಕೆ ಸುಮಾರು 1ರಷ್ಟು ಹೆಚ್ಚುತ್ತದೆ, ಎಂದರೆ ಉದ್ದದಲ್ಲಿ ನೂರಕ್ಕೆ 0.3ರಷ್ಟು. ಭದ್ರಾವತಿಯಲ್ಲಿ ಜನವರಿಯ ಬೆಳಗ್ಗೆ 16 ಡಿಗ್ರಿಯಲ್ಲಿ 50 ಮಿಲಿಮೀಟರಿಗೆ ಸರಿಯಾಗಿ ಕಡೆದಿಟ್ಟ ಟೆಫ್ಲಾನ್ ಬುಷ್ಷನ್ನು ಮಧ್ಯಾಹ್ನ 28 ಡಿಗ್ರಿಯಲ್ಲಿ ಅಳೆದರೆ, ಮಾಮೂಲು ಹಿಗ್ಗುವಿಕೆಯಲ್ಲದೆ ಇದೊಂದರಿಂದಲೇ ಸುಮಾರು 0.15 ಮಿಲಿಮೀಟರ್ ದಪ್ಪಗಾಗಿರುತ್ತದೆ. ಲೇತ್ ಕೆಲಸದಲ್ಲಿ 0.02 ಮಿಲಿಮೀಟರಿಗೇ ತಲೆ ಕೆಡಿಸಿಕೊಳ್ಳುವವರು ಆಗ ಮೈಕ್ರೋಮೀಟರನ್ನು ಅನುಮಾನಿಸುತ್ತಾರೆ. ಕಡೆಯುವ ತುಂಡನ್ನು ಹಿಂದಿನ ದಿನವೇ ತಂದು 23ರಿಂದ 25 ಡಿಗ್ರಿಯ ಕೋಣೆಯಲ್ಲಿಟ್ಟು, ಕೊನೆಯ ಪದರವನ್ನು ಅದೇ ಉಷ್ಣತೆಯಲ್ಲಿ ತೆಗೆದು, ಅಲ್ಲೇ ಅಳೆಯುವುದು ಇದಕ್ಕಿರುವ ಉಪಾಯ.